ಅಬ್ಬಾಸ್ ಬ್ಯಾರಿಗಳ ಸಲಾಮಿನ ಕಿಂಡಿ

ನಾಳೆ ರಜೆಯಲ್ಲಿ ಊರಿಗೆ ಹೊರಟಿದ್ದೇನೆ. ಸೂಟ್‌ಕೇಸಿನಲ್ಲಿ ಖರ್ಜೂರ, ಹಾಲಿನ ಪುಡಿ, ತಲೆನೋವಿನ ಎಣ್ಣೆ ಇವುಗಳ ನಡುವೆ ಒಂದು ಕಬ್ಬಿಣದ ಮುಚ್ಚಳವೂ ಸೇರಿಕೊಂಡು, ತೂಕ ವಿಮಾನದವರ ಮಿತಿಯನ್ನು ದಾಟಿದೆ. ಊಟದ ತಟ್ಟೆಗಿಂತ ಚಿಕ್ಕದು, ಒಂದು ಬದಿಗೆ ಬಿಜಾಗರಿ, ನಡುವೆ ಆಳವಾದ ತಗ್ಗು. "ಗುಜರಿ ಊರಲ್ಲಿ ಸಿಗುದಿಲ್ವಾ?" ಎಂದು ನನ್ನ ಹೆಂಡತಿ ಕೇಳಿದಳು. ನೀವೂ ಅದನ್ನೇ ಕೇಳುವವರು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಇಲ್ಲಿ ಬಹ್ರೇನಿನ ಹಿದ್ದ್ ಎಂಬಲ್ಲಿ ಒಂದು ಗುಜರಿ ಯಾರ್ಡಿನಲ್ಲಿ ಉಪ್ಪಿನಂಗಡಿಯ ಅಬ್ಬಾಸ್ ಬ್ಯಾರಿಗಳು ಲಾರಿ ಓಡಿಸುತ್ತಿದ್ದರು. ಅಲ್ಲಿಂದ ಹೊರಡುವ ಕಂಟೇನರುಗಳ ಕಾಗದಪತ್ರ ನನ್ನ ಕೆಲಸ. ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಅವರು ನನ್ನನ್ನು "ಪೊರ್ಬುಗಳೇ" ಎನ್ನುವರು, ನಾನು ಅವರನ್ನು "ಬ್ಯಾರಿಗಳೇ" ಎನ್ನುವೆ. ಮಂಗಳೂರು ಕಡೆಯ ಕ್ರಿಶ್ಚಿಯನ್ನನಿಗೂ ಬ್ಯಾರಿಗೂ ಪರದೇಶದಲ್ಲಿ ಸ್ನೇಹವಾಗಲು ಇಷ್ಟು ಸಾಕು. ಅವರ ಲಾರಿ ಮಾತ್ರ ನನಗೆ ಹೆದರಿಕೆ. ಯಾವುದೋ ಸೈನ್ಯ ಉಪಯೋಗಿಸಿ ಬಿಟ್ಟದ್ದನ್ನು ಯಜಮಾನ ಹರಾಜಿನಲ್ಲಿ ಹಿಡಿದಿದ್ದ. ಮರಳು ಬಣ್ಣ ಕಿತ್ತುಹೋದಲ್ಲೆಲ್ಲ ಹಸಿರು ಇಣುಕುತ್ತಿತ್ತು. ಅದರ ಮೂತಿಯ ಎದುರು ನಾನು ಎಂದೂ ಕಾರು ನಿಲ್ಲಿಸಿದವನಲ್ಲ. ಅಷ್ಟು ದೊಡ್ಡ ಗಾಡಿಯ ಕ್ಯಾಬಿನ್ನಿಗೆ ಮಾಡು ಎಂದರೆ ಬರೀ ಟಾರ್ಪಾಲು. ಸೈನಿಕರಿಗೆ ಗಾಳಿ ಬೇಕಿತ್ತೇನೋ. ಗುಜರಿ ಎತ್ತುವ ಅಯಸ್ಕಾಂತದ ಕ್ರೇನಿನ ಕೆಳಗೆ ನಿಲ್ಲುವವನಿಗೆ ಟಾರ್ಪಾಲು ಎಂತ ಮಾಡೀತು?

ಒಂದು ದಿನ ಕ್ರೇನಿನಿಂದ ಜಾರಿದ ಕಬ್ಬಿಣದ ತುಂಡು ಟಾರ್ಪಾಲು ಹರಿದುಕೊಂಡು ಬ್ಯಾರಿಗಳ ಪಕ್ಕದ ಸೀಟಿಗೆ ಬಿತ್ತು. ಅಲ್ಲಿದ್ದ ಬುತ್ತಿಯ ಡಬ್ಬ ದೋಸೆಯಾಯಿತು. ಪುಣ್ಯಾತ್ಮ, ಸುಮ್ಮನಿರಬೇಕೋ ಬೇಡವೋ? ನಗುನಗುತ್ತಾ ಆ ಡಬ್ಬವನ್ನು ವೀಡಿಯೋ ಕಾಲಿನಲ್ಲಿ ಹೆಂಡತಿ ಜೊಹರಾಳಿಗೆ ತೋರಿಸಿದರು. ಆಕೆ ನಗಲಿಲ್ಲ. "ಕೆಲಸ ಬಿಟ್ಟು ಬನ್ನಿ. ಇಲ್ಲಿ ಗಂಜಿ ಉಂಟು, ಒಟ್ಟಿಗೆ ಕುಡಿಯುವ. ಇನ್ನು ಆ ಲಾರಿ ಹತ್ತಿದ್ರೆ ನಾನು ಫೋನ್ ಎತ್ತುದಿಲ್ಲ" ಎಂದರು. ಎತ್ತಲೂ ಇಲ್ಲ. ಸಣ್ಣ ಮಗಳ ನರ್ಸಿಂಗ್ ಮುಗಿಯುವವರೆಗೆ ಬ್ಯಾರಿಗಳು ಊರಿಗೆ ಹೋಗುವಂತಿರಲಿಲ್ಲ. ಆಕೆಯ ದನಿ ಕೇಳದೆ ಇಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಕರಕ್ ಚಾಯದ ಲೋಟ ಹಿಡಿದು ಆರಿಸುತ್ತಾ ಕೂತ ಅವರನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಆಮೇಲೆ ಶುರುವಾಯಿತು ಲಾರಿಗೆ ಕವಚ ತೊಡಿಸುವ ಕೆಲಸ. ಯಾರ್ಡಿನ ಫೋರ್ಮನ್ "ಬೇಕಾದ ಕಬ್ಬಿಣ ತಕ್ಕೋ" ಎಂದು ಕೈ ತೊಳೆದುಕೊಂಡ. ಒಡೆದ ಹಡಗಿನ ದಪ್ಪ ತಗಡುಗಳನ್ನು ಆರಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಶುಕ್ರವಾರಗಳಲ್ಲಿ ನಮಾಜು ಮುಗಿಸಿ ಬಂದು ಬ್ಯಾರಿಗಳು ಕತ್ತರಿಸುವರು, ವೆಲ್ಡಿಂಗಿನವನು ಬೆಸೆಯುವನು. ಟೇಪಿನ ತುದಿ ಹಿಡಿಯುವುದು ಮತ್ತು ಸಲಹೆ ಕೊಡುವುದು ನನ್ನ ಪಾಲಿಗೆ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಮಾಡಿಗೆ ತಗಡು, ಬಾಗಿಲಿಗೆ ತಗಡು, ಪಕ್ಕದ ಕಿಟಕಿಗಳಿಗೂ ತಗಡು, ಮುಂದಿನ ಗಾಜಿಗೆ ಜಾಲರಿ. ಲಾರಿ ಯುದ್ಧಕ್ಕೆ ಹೊರಟಂತೆ ಕಂಡಿತು. ಶತ್ರು ಮಾತ್ರ ಆ ಒಂದು ಕ್ರೇನು. ಪರೀಕ್ಷೆಗೆಂದು ನನ್ನನ್ನು ಒಳಗೆ ಕೂರಿಸಿ ಮೇಲಿನಿಂದ ಸುತ್ತಿಗೆಯಲ್ಲಿ ಬಡಿದರು. ಮರುದಿನದವರೆಗೂ ಕಿವಿಯೊಳಗೆ ಇಗರ್ಜಿಯ ಗಂಟೆ. ಆ ವೀಡಿಯೋ ಊರಿಗೆ ಹೋಯಿತು. ಸಂಜೆ ಜೊಹರಾ ಫೋನ್ ಎತ್ತಿದರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವಾರದೊಳಗೆ ಗೇಟಿನ ಬಂಗಾಳಿ ವಾಚ್‌ಮನ್ ಮುಖ ತಿರುಗಿಸಿದ. ಚಾಯದವನು ಲಾರಿಯ ಹತ್ತಿರ ಬರುವುದನ್ನು ಬಿಟ್ಟ. "ಅಬ್ಬಾಸ್ ಭಾಯ್ ಬಡಾ ಆದ್ಮಿ ಹೋ ಗಯಾ" ಎಂದು ಕ್ರೇನಿನವನೇ ನನ್ನ ಹತ್ತಿರ ದೂರಿದ. ವಿಷಯ ಇಷ್ಟೇ: ಬ್ಯಾರಿಗಳು ಕಿಟಕಿಯಿಂದ ಕೈ ಹೊರಗೆ ಹಾಕಿ ಕಂಡವರಿಗೆಲ್ಲ ಸಲಾಂ ಹೇಳುತ್ತಾ ಲಾರಿ ಓಡಿಸುವವರು. ಈಗ ಒಳಗಿನಿಂದ ಎಷ್ಟು ಕೂಗಿದರೂ ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? "ಸಲಾಂ ಹೇಳದೆ ಹೋಗುದು ಹೇಗೆ ಪೊರ್ಬುಗಳೇ? ನಾನೆಂತ ಹೆಣವಾ?" ಎಂದು ಬೇಜಾರು ಮಾಡಿಕೊಂಡರು. ಮರು ಶುಕ್ರವಾರ ಕಿಟಕಿಯ ತಗಡಿನಲ್ಲಿ ಕೈ ಹಿಡಿಸುವಷ್ಟು ಕಿಂಡಿ ಕೊರೆದರು.

ಅದನ್ನೂ ಜೊಹರಾಳಿಗೆ ತೋರಿಸಿದರು, ನೋಡಿ! ಮತ್ತೆ ಫೋನ್ ಬಂದ್. ಈ ಸಲ ಆಕೆ ವಿಸಿಟ್ ವೀಸಾದಲ್ಲಿ ತಾವೇ ಬಂದಿಳಿದರು. ಬಹ್ರೇನಿಗೆ ಬಂದವರು ಸೀಫಿನ ಮಾಲ್ ನೋಡುತ್ತಾರೆ. ಜೊಹರಾ ಮೊದಲು ನೋಡಿದ್ದು ಗುಜರಿ ಯಾರ್ಡು. ಬುರ್ಖಾ ಎತ್ತಿ ಹಿಡಿದು ಲಾರಿ ಹತ್ತಿ, ಮಾಡು ಬಡಿದು, ಬಾಗಿಲು ಬಡಿದು, ಕೊನೆಗೆ ಕಿಂಡಿಯಲ್ಲಿ ತಮ್ಮದೇ ಕೈ ಹಾಕಿದರು. ಬಳೆಯ ಕೈ ಹೊರಗೆ ಬಂದದ್ದೇ ತಡ, ವಾಚ್‌ಮನ್ ಎದ್ದು ನಿಂತು ಸಲಾಂ ಎಂದ. ಚಾಯದವನೂ ಕೈ ಎತ್ತಿದ. ಕ್ರೇನಿನವನು ಹಾರ್ನ್ ಹೊಡೆದ. ಜೊಹರಾ ಸ್ವಲ್ಪ ಹೊತ್ತು ಕೈಯನ್ನು ಒಳಗೆ ತೆಗೆಯಲೇ ಇಲ್ಲ.

ಇಳಿದು ಬಂದು ಗಂಡನಿಗೆ ಹೇಳಿದರು: "ಕಿಂಡಿ ಇರ್ಲಿ. ಒಂದು ಮುಚ್ಚಳ ಮಾಡ್ಸಿ. ಕ್ರೇನಿನ ಹತ್ರ ಹೋಗುವಾಗ ಮುಚ್ಚಬೇಕು. ನನ್ನಾಣೆ."

ಮುಚ್ಚಳ ಬಂತು. ಆಕೆ ಊರಿಗೆ ಮರಳಿದ ಮೇಲೆ ಒಂದು ದಿನ, ಕ್ರೇನಿನಿಂದ ಎಸೆದ ಹಾಗೆ ಬಂದ ಕಬ್ಬಿಣದ ತುಂಡೊಂದು ಸರಿಯಾಗಿ ಆ ಮುಚ್ಚಳಕ್ಕೇ ಬಡಿಯಿತು. ಅದರ ಹಿಂದೆ ಬ್ಯಾರಿಗಳ ಭುಜ, ಕುತ್ತಿಗೆ. ತಗ್ಗು ಬಿದ್ದ ಮುಚ್ಚಳವನ್ನು ಕಳಚಿ, ಬೇರೆ ಹಾಕಿಸಿ, ಹಳೆಯದನ್ನು ನನಗೆ ಕೊಟ್ಟರು. "ನಿಮ್ಮತ್ರ ಇರ್ಲಿ. ಅವಳು ನೋಡಿದ್ರೆ ನನ್ನನ್ನು ಇಲ್ಲಿ ಇರ್ಲಿಕ್ಕೆ ಬಿಡುದಿಲ್ಲ." ಅಂದಿನಿಂದ ಅದು ನನ್ನ ಮೇಜಿನ ಮೇಲೆ, ಕಾಗದ ಹಾರದ ಹಾಗೆ ಕೂತಿತ್ತು.

ಮಗಳು ನರ್ಸ್ ಆದಳು. ಬ್ಯಾರಿಗಳು ಊರಿಗೆ ಹೋದರು. ಮೊನ್ನೆ ಅವರ ವಾಯ್ಸ್ ಮೆಸೇಜ್ ಬಂತು. ಈಗ ಹೆಂಡತಿಗೂ ಅದನ್ನೇ ಕೇಳಿಸಿದೆ: "ಪೊರ್ಬುಗಳೇ, ಬರುವಾಗ ಆ ಮುಚ್ಚಳ ತನ್ನಿ. ಜೊಹರಾಳಿಗೆ ತೋರಿಸ್ಬೇಕು. ಈಗ ನಾನು ಅವಳ ಕಣ್ಣೆದುರೇ ಇದ್ದೇನಲ್ಲ, ಹೆದರುದಿಲ್ಲ. ಅವಳು ಹೇಳಿ ಮಾಡಿಸಿದ್ದು ಎಂತ ಮಾಡಿತು ಅಂತ ಅವಳಿಗೆ ಗೊತ್ತಾಗ್ಬೇಕು."

ಹೆಂಡತಿ ಮುಚ್ಚಳದ ತಗ್ಗಿಗೆ ಬೆರಳು ಹಾಕಿ ನೋಡಿದಳು. ಹಾಲಿನ ಪುಡಿಯ ಡಬ್ಬಗಳನ್ನು ತಾನೇ ಹೊರಗೆ ತೆಗೆದಿಟ್ಟಳು. ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟು, ಸೂಟ್‌ಕೇಸ್ ಮುಚ್ಚುತ್ತಾ ಕೇಳಿದಳು:

"ನಿಮ್ಮ ಆಫೀಸಲ್ಲಿ ತಲೆ ಮೇಲೆ ಎಂತ ಉಂಟು?"

"ಎಸಿ."

"ಅದು ಗಟ್ಟಿ ಕೂತಿದೆಯಾ, ನೋಡಿದ್ದೀರಾ?"