ಸೋಮವಾರದ ಎತ್ತು, ವಿರೂಪಾಕ್ಷ ಕೊಟ್ಟ ಸೀಟು

ನನ್ನ ಕಷ್ಟಕ್ಕೆ ಕಾರಣ ರೋಗವಲ್ಲ, ಬಡತನವಲ್ಲ, ನನ್ನ ದೊಡ್ಡಪ್ಪ. ಭಕ್ತರು ಓದುವ ಬರಹದಲ್ಲಿ ಹೀಗೆ ಬರೆಯಬಾರದೇನೋ. ಆದರೆ ಸ್ವಾಮಿಯ ಕೃಪೆಯನ್ನು ಹೇಳಬೇಕಾದರೆ ಇದನ್ನೂ ಹೇಳಲೇಬೇಕು.

ಎಪ್ಪತ್ತರ ದಶಕದ ಮಾತು. ಕಂಪ್ಲಿಯ ಕಾಲುವೆ ಕೆಳಗೆ ನಮ್ಮ ಭತ್ತದ ಗದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ದೊಡ್ಡಪ್ಪನದು. ನಾನು ದಿನವೂ ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಪಶುವೈದ್ಯ ಕಾಲೇಜು ಸೇರುತ್ತೇನೆಂದ ದಿನ ಅವನು ಪಡಸಾಲೆಯಲ್ಲಿ ಎಲ್ಲರ ಮುಂದೆ ನಕ್ಕ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ.

“ದನದ ಡಾಕ್ಟರ್ ಆಗ್ತಾಳಂತ! ಹಂಗಾದ್ರ ದನದ ಮೈ ಮುಟ್ಟಾಕ ನಾಚಿಕಿ ಯಾಕ? ಇನ್ನ ಮ್ಯಾಲ ಸೋಮವಾರ ಎತ್ತು ತೊಳೆಯೋದು ನಿಂದ ಕೆಲಸ.”

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಅಂದು ಅವನ್ನು ಕಾಲುವೆಗೆ ಹೊಡೆದುಕೊಂಡು ಹೋಗಿ, ಮೈ ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ಆ ಕೆಲಸಕ್ಕೆ ಆಳುಗಳಿದ್ದರು. ಆದರೆ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಯೋಗಿಕ ತರಗತಿ ಇದ್ದದ್ದು ಸೋಮವಾರ ಬೆಳಿಗ್ಗೆ, ಅದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆರು ಎತ್ತು ತೊಳೆದು ಮುಗಿಸುವಷ್ಟರಲ್ಲಿ ನನ್ನ ಬಸ್ಸು ಕಮಲಾಪುರ ದಾಟಿರುತ್ತಿತ್ತು. ಹೊಟ್ಟೆಕಿಚ್ಚಿಗೆ ದೇವರ ಹೆಸರು ಹಚ್ಚಿದರೆ ಯಾರು ತಾನೇ ಎದುರಾಡುತ್ತಾರೆ? ಅವ್ವ ಕೂಡ, “ಬಾಯಿ ಮಾಡಬ್ಯಾಡ, ತೊಳದು ಬಾ” ಎಂದಳು.

ವರ್ಷವಿಡೀ ಹೀಗೇ ಆಯಿತು. ಪರೀಕ್ಷೆಯಲ್ಲಿ ಕಪ್ಪೆ ಕೊಯ್ಯಲು ಹೇಳಿದಾಗ ನನ್ನ ಕೈ ನಡೆಯಲಿಲ್ಲ. ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕ ಬಂತು, ಜೀವಶಾಸ್ತ್ರದಲ್ಲಿ ಹೇಗೋ ಪಾಸಾದೆ. ಅಂಕದ ಮೇಲೆ ಸೀಟು ಸಿಗುವ ಮಾತು ಅಲ್ಲಿಗೆ ಮುಗಿಯಿತು. ರೈತರ ಮಕ್ಕಳಿಗೆಂದು ತೆಗೆದಿಟ್ಟ ಕೆಲವು ಸೀಟುಗಳಿದ್ದವು, ಅವಕ್ಕೆ ಬೆಂಗಳೂರಿನಲ್ಲಿ ಬೇರೆ ಪರೀಕ್ಷೆ. ಅಷ್ಟು ಗಂಡುಹುಡುಗರ ನಡುವೆ ನನಗೆ ಯಾರು ಕೊಡುತ್ತಾರೆ?

ಫಲಿತಾಂಶ ನೋಡಿದ ದಿನ ಮನೆಗೆ ಹೋಗಲು ಮನಸ್ಸಾಗದೆ ಕಮಲಾಪುರದಲ್ಲಿ ಇಳಿದು ಹಂಪಿಯ ಬಸ್ಸು ಹತ್ತಿದೆ. ವಿರೂಪಾಕ್ಷನ ಮುಂದೆ ನಿಂತು ಕೈ ಮುಗಿಯಲಿಲ್ಲ. “ನಿನ್ನ ಎತ್ತು, ನಿನ್ನ ವಾರ, ಹಾಳಾಗಿದ್ದು ನನ್ನ ಬಾಳು! ಸೀಟು ಕೊಡು, ಇಲ್ಲಾಂದ್ರ ಆ ಆರೂ ಎತ್ತು ಸಾಯಲಿ” ಎಂದೆ. ಜೋರಾಗಿಯೇ ಅಂದಿರಬೇಕು, ಪೂಜಾರಿಯವರು ತಿರುಗಿ ನೋಡಿದರು.

“ಯವ್ವಾ, ಜಗಳಾಡಾಕ ಬಂದಿಯೋ, ಹರಕಿ ಹೊರಾಕೋ?”

“ಎರಡಕ್ಕೂ ರೀ” ಎಂದು ತೀರ್ಥವನ್ನೂ ತೆಗೆದುಕೊಳ್ಳದೆ ಹೊರಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಆಡಿದ ಮಾತು ನೆನಪಾಯಿತು. ಪಶುವೈದ್ಯೆ ಆಗಬೇಕೆಂದವಳು ಮೂಕ ಪ್ರಾಣಿಗಳ ಸಾವು ಬೇಡಿದ್ದೆನಲ್ಲ! ಆದರೂ ಸಿಟ್ಟು ಇಳಿಯಲಿಲ್ಲ.

ಎತ್ತುಗಳು ಸಾಯಲಿಲ್ಲ. ಮುಂದಿನ ಸೋಮವಾರವೂ ಬೈದುಕೊಳ್ಳುತ್ತಲೇ ತೊಳೆದೆ.

ಆದರೂ ರೈತರ ಮಕ್ಕಳ ಸೀಟಿಗೆ ಅರ್ಜಿ ಹಾಕಿದ್ದೆ, ಆ ಪರೀಕ್ಷೆಗೆ ಬೆಂಗಳೂರಿಗೆ ಅವ್ವ ಜೊತೆಗೆ ಬಂದಳು. ಮೌಖಿಕ ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಅಂಗಳದಲ್ಲಿ ಕಟ್ಟಿದ್ದ ಎತ್ತಿನ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಇದಕ್ಕೇನಾಗಿದೆ ಎಂದು ಕೇಳುತ್ತಿದ್ದರು. ಪರೀಕ್ಷಕರೊಬ್ಬರು ನನ್ನನ್ನು ನೋಡಿ ನಕ್ಕು, “ಸೀರೆ ಕೊಳೆಯಾದೀತಮ್ಮ, ದೂರದಿಂದಲೇ ಹೇಳು” ಎಂದರು. ಎತ್ತು ಒಂದು ಹಿಂಗಾಲನ್ನು ಸಡಿಲ ಬಿಟ್ಟು ನಿಂತಿತ್ತು. ನೋಡಿದವರು ಯಾರಾದರೂ ಕಾಲಿನ ತೊಂದರೆ ಎನ್ನಬೇಕು. ನಾನು ಸೆರಗು ಸಿಕ್ಕಿಸಿ ಹತ್ತಿರ ಹೋದೆ. ವಾರವಿಡೀ ದುಡಿದ ಎತ್ತಿನ ಮೈಗೆ ನೀರು ಹಾಕಿದರೆ ಎಲ್ಲಿ ನೋಯುತ್ತದೆಂದು ನನ್ನ ಕೈಗೆ ಗೊತ್ತಿತ್ತು. ಕೈ ತಾನಾಗಿಯೇ ನೊಗ ಕೂರುವ ಜಾಗಕ್ಕೆ ಹೋಯಿತು. ಮುಟ್ಟುವ ಮೊದಲೇ ಅಲ್ಲಿನ ಚರ್ಮ ಅದುರಿತು. ಮೇಲೆ ಗಾಯ ಕಾಣುತ್ತಿರಲಿಲ್ಲ, ಒಳಗೆ ಬಿಸಿ ಇತ್ತು.

“ಹೆಗಲಿಗೆ ಬಾವು ಬಂದೈತ್ರಿ, ಒಳಗ ಕೀವು ಐತಿ. ಕಾಲಿಗೆ ಏನೂ ಆಗಿಲ್ರಿ, ಸುಮ್ನ ಹಂಗ ನಿಂತೈತಿ.”

ಅವರ ಮುಖದ ನಗು ಹೋಯಿತು. “ಯಾರು ಕಲಿಸಿದರು?”

“ಯಾರೂ ಇಲ್ರಿ. ಪ್ರತಿ ಸೋಮವಾರ ಎತ್ತು ತೊಳೀತೀನ್ರಿ.”

ಹಾಗೆಂದ ಕೂಡಲೇ ನನಗೆ ಹೊಳೆಯಿತು. ಸಾಯಲಿ ಎಂದು ಶಪಿಸಿದ್ದ ಎತ್ತುಗಳಿಂದಲೇ ಸ್ವಾಮಿ ನನ್ನ ಕೈ ಪಳಗಿಸಿದ್ದ. ಅಲ್ಲೇ, ಅಷ್ಟು ಜನರ ಮುಂದೆ, ಕಣ್ಣಲ್ಲಿ ನೀರು ಬಂತು.

ಸೀಟು ಸಿಕ್ಕಿದ ಪತ್ರ ಬಂದಾಗ ದೊಡ್ಡಪ್ಪ ಊರಿನ ಅಕ್ಕಿ ಗಿರಣಿಯ ಮುಂದೆ ನಿಂತು ಪೇಡೆ ಹಂಚಿದ. “ಎತ್ತು ತೊಳಿಯಾಕ ಹಚ್ಚಿ ಆಕೀನ್ನ ತಯಾರ್ ಮಾಡಿದವ ನಾನ” ಎಂದು ಬಂದವರಿಗೆಲ್ಲ ಹೇಳಿದ. ಆ ಪೇಡೆಯನ್ನು ನಾನು ಮುಟ್ಟಲಿಲ್ಲ. ಹಂಪಿಗೆ ಹೋಗಿ ಹಣ್ಣುಕಾಯಿ ಮಾಡಿಸಿ, ಆಡಿದ ಮಾತಿಗೆ ಅಡ್ಡಬಿದ್ದು ತಪ್ಪಾಯಿತೆಂದೆ.

ಅಂದಿನಿಂದ ನನ್ನ ನಂಬಿಕೆ ಅಲುಗಿಲ್ಲ. ಸ್ವಾಮಿ ಕೊಡುತ್ತಾನೆ, ಯಾವ ದಾರಿಯಿಂದ ಎಂದು ನಮ್ಮನ್ನು ಕೇಳುವುದಿಲ್ಲ. ಈ ಕಥೆ ಕೇಳಿದವರು, ದೊಡ್ಡಪ್ಪನಿಂದಲೇ ಒಳ್ಳೆಯದಾಯಿತಲ್ಲ, ಕ್ಷಮಿಸಿಬಿಡಿ ಎನ್ನುತ್ತಾರೆ. ಒಳ್ಳೆಯದು ಮಾಡಿದವನು ವಿರೂಪಾಕ್ಷ. ದೊಡ್ಡಪ್ಪ ಮಾಡಿದ್ದು ಕೆಟ್ಟದ್ದೇ. ಅವನನ್ನು ಕ್ಷಮಿಸು ಎಂದು ಸ್ವಾಮಿ ಇಂದಿನವರೆಗೆ ನನಗೆ ಹೇಳಿಲ್ಲ.