ಹಸಿ ಗೋಣಿತಟ್ಟು ಬಿಟ್ಟ ಲೆಕ್ಕ

ಕಾಶವ್ವ, ಆ ಕಿಟಕಿಯ ಗಾಜು ಒಡೆಯಬಹುದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಇಷ್ಟು ವರ್ಷ ಈ ಮಾತನ್ನು ಯಾರ ಎದುರೂ ಆಡಿಲ್ಲ — ಆಡುವಷ್ಟು ಹತ್ತಿರ ಯಾರನ್ನೂ ಬಿಟ್ಟುಕೊಂಡೂ ಇಲ್ಲ.

ನಾನಾಗ ಎಂ.ಟೆಕ್. ವಿದ್ಯಾರ್ಥಿ. ಗಾಜಿನೊಳಗೇ ಸೌರ ಬಿಲ್ಲೆಗಳನ್ನು ಕೂರಿಸಿದ ಕಿಟಕಿ ನನ್ನ ಅಧ್ಯಯನದ ವಿಷಯ. ಬಿಲ್ಲೆಗಳಿಂದ ಕರೆಂಟು ಹುಟ್ಟಬೇಕು, ಅವುಗಳ ಸಂದಿನಿಂದ ಬೆಳಕು ಒಳಗೆ ಬರಬೇಕು. ವರ್ಷವಿಡೀ ಗಂಟೆಗಂಟೆಯ ಬಿಸಿಲನ್ನು ಕಂಪ್ಯೂಟರಿಗೆ ಕೊಟ್ಟು, ಎಷ್ಟು ಕರೆಂಟು, ಎಷ್ಟು ಬೆಳಕು, ಎಷ್ಟು ಕಾವು ಎಂದು ಕಿಟಕಿ ಕೂರಿಸುವ ಮೊದಲೇ ಲೆಕ್ಕ ಹಾಕುವುದು ನನ್ನ ಕೆಲಸ. ಹೇಳದೆ ಕೇಳದೆ ಕರೆಂಟು ಹೋಗುತ್ತಿದ್ದ ವರ್ಷಗಳು ಅವು. ಪ್ರಯೋಗಕ್ಕೆ ಗಜೇಂದ್ರಗಡದ ನಿಮ್ಮ ನೇಕಾರಿಕೆಯ ಶೆಡ್ಡನ್ನು ಆರಿಸಿಕೊಂಡಿದ್ದೆ.

ಅಳತೆ ತೆಗೆಯಲು ಬಂದ ಮೊದಲ ದಿನವೇ ನೀವು ಹೇಳಿದ್ದಿರಿ: "ಸರ, ಬ್ಯಾಸಗ್ಯಾಗ ಈ ಕಿಡಕಿಗೆ ಹೊರಗಿಂದ ಹಸಿ ಗೋಣಿತಟ್ಟು ಕಟ್ಟತೀವ್ರಿ, ಅರ್ಧಕ್ಕ. ಇಲ್ಲಂದ್ರ ನೂಲು ಒಣಗಿ ಪಟಪಟ ಹರೀತಾವ."

ಕಿಟಕಿಯ ಪಕ್ಕದಲ್ಲೇ ಮಾಬೂಬಿಯವರ ಕುಣಿ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಅವರು ತಲೆ ಎತ್ತದೆ ನಕ್ಕರು. "ಇವರ ಕಂಪ್ಯೂಟರಿಗೆ ಸೆಕಿ ಹ್ಯಾಂಗ ತಿಳೀಬೇಕವ್ವ? ಅದು ಫ್ಯಾನಿನ ಕೆಳಗ ಕುಂತಿರತೈತಿ!"

"ಬಾಯಿ ಮುಚ್ಚಿ ನೇಯಿ ನೀ. ಸರ ಸಿಟ್ಟಾದಾರು," ಎಂದು ನೀವು ಗದರಿಸಿದಿರಿ. ಆ ಗದರಿಕೆಯಲ್ಲಿ ಎಷ್ಟು ಸಲಿಗೆ ಇತ್ತು — ಈಗ ತಿಳಿಯುತ್ತದೆ.

ಕಾಲೇಜಿಗೆ ಮರಳಿ ನಿಮ್ಮ ತಟ್ಟನ್ನೂ ಲೆಕ್ಕಕ್ಕೆ ಸೇರಿಸಿದೆ. ಕರೆಂಟು ಪೂರ್ತಿ ಇಳಿಯಿತು. ಅಷ್ಟೇ ಆಗಿದ್ದರೆ — ಇಲ್ಲ. ಬಿಸಿಲಿನಲ್ಲಿದ್ದ ಬಿಲ್ಲೆಗಳ ಶಕ್ತಿಯೆಲ್ಲ ಮುಚ್ಚಿದ ಬಿಲ್ಲೆಗಳಿಗೆ ನುಗ್ಗಿ ಅಲ್ಲಿ ಕಾವಾಗುತ್ತಿತ್ತು. ತಟ್ಟು ಹಸಿಯಾಗಿರುವ ತನಕ ಹೇಗೋ ತಡೆಯಬಹುದು. ಒಣಗಿತೋ, ಗಾಜು ಸುಡತೊಡಗುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಆ ಭಾಗ ಕೆಂಪಗೆ ಕಂಡಿತು. ಗುರುಗಳು ಅದಾಗಲೇ ನನ್ನ ಕೆಲಸವನ್ನು ನಾಲ್ಕು ಜನರ ಮುಂದೆ ಹೊಗಳಿದ್ದರು. ಕಿಟಕಿಗೆ 'ಪರದೆ' ಇದೆಯೇ ಎಂದು ಲೆಕ್ಕ ಕೇಳುವಲ್ಲಿ 'ಇಲ್ಲ' ಎಂದು ಒತ್ತಿದೆ. ಕೆಂಪು ಮಾಯವಾಯಿತು.

ತಟ್ಟು ಕಟ್ಟಬೇಡಿ ಎಂದು ನಿಮಗೆ ಹೇಳಬಹುದಿತ್ತು. ಹೇಳಿದರೆ 'ಯಾಕ್ರಿ' ಎನ್ನುತ್ತಿದ್ದಿರಿ. ಆ 'ಯಾಕ್ರಿ'ಗೆ ಹೆದರಿದೆ.

ಹಳೆಯ ಕಿಟಕಿ ತೆಗೆದು ನನ್ನ ಸೌರ ಗಾಜು ಕೂರಿಸಿದ ಮೇಲೆ ಬಂದ ಮೊದಲ ಬೇಸಿಗೆ ಅದು. ಆ ಮಧ್ಯಾಹ್ನ ಬೆಳಕು ಅಳೆಯುವ ಮೀಟರು ಹಿಡಿದು ನಾನು ಒಳಗೇ ನಿಂತಿದ್ದೆ. ನೀವು ಅಂಗಳದಲ್ಲಿದ್ದಿರಿ. ಮಾಬೂಬಿ ಕೂಗಿದರು: "ಏ ಕಾಶವ್ವ, ತಟ್ಟು ಒಣಗೇತಿ ನೋಡ, ಲಗೂನ ಒಂದು ಕೊಡ ನೀರು ಉಗ್ಗ!" ಕಿಟಕಿಯ ಮೇಲರ್ಧದಲ್ಲಿ ನೀವು ಕೊಡ ಎತ್ತುವುದು ಕಾಣಿಸಿತು. 'ಬ್ಯಾಡ' — ಒಂದೇ ಮಾತು. ಬಾಯಿ ತೆರೆದದ್ದು ನೆನಪಿದೆ. ದನಿ ಮಾತ್ರ... ಕೂಗಿದರೆ ನನಗೆ ಗೊತ್ತಿತ್ತೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂದು ಆ ಕ್ಷಣದಲ್ಲೂ ಯೋಚಿಸಿದೆನೇ? ಯೋಚಿಸಿದೆ.

ನೀರು ಬಿದ್ದದ್ದೇ ಗಾಜು ಸಿಡಿಯಿತು. ಎಲ್ಲರೂ ಎದ್ದು ಓಡಿದರು. ಕಾಲು ಕುಣಿಯಲ್ಲಿದ್ದ ಮಾಬೂಬಿಗೆ ಏಳಲಾಗಲಿಲ್ಲ. ಮುಖಕ್ಕೆ ಕೈ ಅಡ್ಡ ಹಿಡಿದರು. ಅರ್ಧ ನೇಯ್ದ ಸೀರೆ ನೆನೆದು ಕೆಂಪಾಯಿತು. ಅವರ ಬಲಗೈಯ ಎರಡು ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ.

ದವಾಖಾನೆಯ ಬಾಗಿಲಲ್ಲಿ ಶೆಡ್ಡಿನ ಮಾಲಕರು ಕೇಳಿದರು, "ಯಾಕ ಹಿಂಗಾತ್ರಿ ಸರ?" ನೀವು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಿರಿ. ನಾನು ಹೇಳಿದೆ: "ಕಾದ ಗಾಜಿನ ಮ್ಯಾಲೆ ತಣ್ಣೀರು ಉಗ್ಗಿದರ ಇನ್ನೇನ ಆಗತೈತ್ರಿ? ತಟ್ಟು ಕಟ್ಟಬ್ಯಾಡ್ರಿ ಅಂತ ಹೇಳಿದ್ದೆ."

ಹೇಳಿರಲಿಲ್ಲ. ನಿಮಗೂ ಅದು ಗೊತ್ತಿತ್ತು. ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ನಿಮ್ಮ ನೆನಪನ್ನೇ ಅನುಮಾನಿಸಿದವರಂತೆ ತಲೆ ತಗ್ಗಿಸಿದಿರಿ. ಓದಿದವನು ಸುಳ್ಳು ಹೇಳಲಾರ ಎಂದುಕೊಂಡಿರಬೇಕು.

ನನಗೆ ಪದವಿ ಬಂತು, ರೋಣದಲ್ಲಿ ನೌಕರಿ ಸಿಕ್ಕಿತು. ಮಾಬೂಬಿ ನೇಯುವುದು ಬಿಟ್ಟು ಸೂಡಿಯಲ್ಲಿ ತಮ್ಮನ ಮನೆ ಸೇರಿದರೆಂದು, ನನ್ನ ಎಚ್ಚರಿಕೆಯನ್ನು ನೀವು ಮುಚ್ಚಿಟ್ಟಿರೆಂದು ನಂಬಿ, ನೋಡಲು ಹೋದ ನಿಮಗೆ ಬಾಗಿಲು ತೆರೆಯಲಿಲ್ಲವೆಂದು ಮಾಲಕರಿಂದ ಕೇಳಿದೆ. ಕೇಳಿಯೂ ಸೂಡಿಗೆ ಹೋಗಲಿಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಳಿತಾಗ ಆ ಕೊಡ ಮೇಲೇಳುತ್ತದೆ — ಪ್ರತಿ ಸಲವೂ ಕೂಗಲು ಸಮಯವಿರುತ್ತದೆ. ಪ್ರತಿ ಸಲವೂ ಇರುತ್ತದೆ.

ಬಿಟ್ಟ ಲೆಕ್ಕವನ್ನು ಮತ್ತೆ ಮಾಡಿ, ನನ್ನ ಪ್ರಬಂಧ ಸುಳ್ಳೆಂದು ಬರೆದು ನಿನ್ನೆ ಕಾಲೇಜಿಗೆ ಕಳಿಸಿದ್ದೇನೆ. ಅದರಿಂದ ನಿಮಗೇನೂ ಆಗದು. ಭಾನುವಾರ ಮೊದಲು ಸೂಡಿಗೆ ಹೋಗುತ್ತೇನೆ. ತಪ್ಪು ನಿಮ್ಮದಲ್ಲವೆಂದು ಮಾಬೂಬಿಗೆ ಹೇಳುತ್ತೇನೆ. ಅಲ್ಲಿಂದ ನಿಮ್ಮಲ್ಲಿಗೆ. ನಿಮಗೆ ಓದಲು ಬರುವುದಿಲ್ಲ, ಇದನ್ನು ನಾನೇ ಓದಿ ಹೇಳಬೇಕು. ಒಳಗೆ ಕರೆಯಬೇಡಿ. ಓಣಿಯ ಜನಕ್ಕೂ ಕೇಳುವಂತೆ ಹೊರಗೆ ನಿಂತೇ ಓದುತ್ತೇನೆ.