ಬಿಗಿಯದೆ ಬಿಟ್ಟ ಆಕ್ಸಲ್ ನಟ್ಟು

ಬೈಲಹೊಂಗಲದ ತರಬೇತಿ ಸಂಸ್ಥೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಮೋಟಾರ್ ಮೆಕ್ಯಾನಿಕ್ ಬೋಧಕನಾಗಿದ್ದು, 2021ರಲ್ಲಿ ನಿವೃತ್ತನಾಗಿ ಸವದತ್ತಿಯ ಮನೆಗೆ ಬಂದೆ. ಸುಮ್ಮನೆ ಕೂರುವುದು ಒಗ್ಗಲಿಲ್ಲ. ಮನೆಯ ಮುಂದಿನ ಶೆಡ್ಡಿನಲ್ಲಿ ಗುರುತಿನವರ ಬೈಕುಗಳಿಗೆ ಟಯರ್ ಬದಲಿಸಿಕೊಡತೊಡಗಿದೆ. ನನ್ನನ್ನು ಇಂದಿಗೂ ಕಾಡುವ ಕೆಲಸ ನಡೆದದ್ದು ಆ ಶೆಡ್ಡಿನಲ್ಲೇ, ಮರುವರ್ಷದ ಶ್ರಾವಣದ ಒಂದು ಬೆಳಗ್ಗೆ.

ಬೈಕು ನಮ್ಮ ಓಣಿಯ ಶೈಲಾಳದು. ಮುನವಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ದನಕರುಗಳಿಗೆ ಚಿಕಿತ್ಸೆ ಕೊಡುವ ಪಶು ಪರೀಕ್ಷಕಿ ಅವಳು. ಮುಂದಿನ ಟಯರ್ ಸವೆದು ನುಣ್ಣಗಾಗಿತ್ತು. ಏಳೂವರೆಗೆ ಬೈಕು ತಂದು ನಿಲ್ಲಿಸಿದಳು, ಒಂಬತ್ತಕ್ಕೆ ಹೊರಡಬೇಕಿತ್ತು.

ಗಾಲಿ ಬಿಚ್ಚಿ, ಗಾಳಿ ಬಿಟ್ಟು, ಎರಡು ಲಿವರ್‌ಗಳಿಂದ ಹಳೆಯ ಟಯರ್ ಎಬ್ಬಿಸಿದೆ. ಹೊಸದರ ಮೇಲಿನ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗೆ ಇರುವಂತೆ ನೋಡಿ ಕೂರಿಸಿ ಗಾಳಿ ತುಂಬಿದೆ. ನಂತರ ಬ್ಯಾಲೆನ್ಸಿಂಗ್. ಅದಕ್ಕೆ ಮನೆಯಲ್ಲಿ ಯಂತ್ರವೇನೂ ಬೇಕಿಲ್ಲ. ಗಾಲಿಯ ನಡುವಿನ ಉಕ್ಕಿನ ದಂಡಕ್ಕೆ ಆಕ್ಸಲ್ ಎನ್ನುತ್ತೇವೆ. ಅದನ್ನು ಸಮಮಟ್ಟದ ಎರಡು ಸ್ಟ್ಯಾಂಡುಗಳ ಮೇಲಿಟ್ಟು ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ ಭಾರದ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದಕ್ಕೆ ಎದುರಾಗಿ, ಮೇಲ್ಭಾಗದ ಸ್ಪೋಕ್ ಕಡ್ಡಿಗೆ ಸೀಸದ ತೂಕ ಸಿಕ್ಕಿಸುತ್ತ ಹೋಗಬೇಕು, ಗಾಲಿ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ. ಅಂದು ಹದಿನೈದು ಗ್ರಾಂ ಸಾಕಾಯಿತು.

ಗಾಲಿಯನ್ನು ಬೈಕಿಗೆ ಸೇರಿಸಿ ಆಕ್ಸಲ್ ನಟ್ಟನ್ನು ಕೈಯಿಂದ ತಿರುಗಿಸಿದೆ. ಪೂರ್ತಿ ಬಿಗಿಯುವ ಮೊದಲು ಹ್ಯಾಂಡಲ್ ಹಿಡಿದು ಮುಂಭಾಗವನ್ನು ನಾಲ್ಕೈದು ಸಲ ಅದುಮಬೇಕು. ಆಗ ಗಾಲಿ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅದುಮಿದೆ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ಕೂಗಿದ. ಸಿಲಿಂಡರ್ ಒಳಗಿಟ್ಟು ಬರುವಷ್ಟರಲ್ಲಿ ಶೈಲಾ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು.

"ಮುಗೀತೇನ್ರಿ ಕಾಕಾ? ಫೋನ್ ಮ್ಯಾಲ ಫೋನ್ ಬರಾಕತ್ತಾವ. ಆಕಳೊಂದು ಈಯಾಕ ಭಾಳ ತ್ರಾಸ ಪಡಾಕತ್ತೈತಂತ."

"ಮುಗೀತವ್ವ, ಹೋಗಿ ಬಾ."

ಚಹಾ ಕುಡಿದು ಸಾಮಾನು ಎತ್ತಿಡಲು ಹೋದೆ. ನಟ್ಟನ್ನು ಇಂತಿಷ್ಟೇ ಬಲದಲ್ಲಿ ಬಿಗಿಯುವ ಟಾರ್ಕ್ ರೆಂಚ್ ಡಬ್ಬಿಯಲ್ಲಿತ್ತು, ಸುತ್ತಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಹಾಗಾದರೆ ಸಾದಾ ಸ್ಪ್ಯಾನರಿನಿಂದ, ನಮ್ಮ ಕಡೆಯ ಮಾತಿನಲ್ಲಿ ಪಾನಾದಿಂದ, ಬಿಗಿದಿದ್ದೆನೇ? ಹ್ಯಾಂಡಲ್ ಅದುಮಿದ್ದು ನೆನಪಿತ್ತು, ಸಿಲಿಂಡರ್ ಹೊತ್ತದ್ದು ನೆನಪಿತ್ತು. ಪಾನಾ ಹಿಡಿದದ್ದು ಮಾತ್ರ ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ.

ಶೈಲಾಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಶೆಡ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಶೆಡ್ಡಿಗೆ ತಿರುಗುತ್ತಿದ್ದವನನ್ನು ನೋಡಿ ಹೆಂಡತಿ ಗಿರಿಜಾ, "ಬಿಗದಿರತೀರಿ ಬಿಡ್ರಿ. ನಿಮ್ಮ ಕೈ ತಪ್ಪಂಗಿಲ್ಲ" ಎಂದಳು. ಆ ಮಾತಿನಿಂದ ಸಂಕಟ ಇನ್ನೂ ಹೆಚ್ಚಾಯಿತು. ಪಾನಾವನ್ನು ಜೇಬಿಗೆ ಹಾಕಿಕೊಂಡು ನನ್ನ ಗಾಡಿ ಹೊರಗೆಳೆದೆ.

ಮುನವಳ್ಳಿ ದಾರಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತದ್ದು ಕಂಡರೂ ಗಾಡಿ ನಿಧಾನಿಸಿ ಇಣುಕಿ ನೋಡುತ್ತಿದ್ದೆ. ಒಂದು ಕಡೆ ಬಸ್ಸಿಗೆ ಕಾಯುವವರು, ಇನ್ನೊಂದು ಕಡೆ ಮೇವಿನ ಟ್ರ್ಯಾಕ್ಟರ್ ಸುತ್ತ ನಿಂತವರು. ಪಶು ಆಸ್ಪತ್ರೆಯಲ್ಲಿ ಅವಳಿರಲಿಲ್ಲ. ಅಲ್ಲಿನ ಸಿಪಾಯಿ ಊರಾಚೆಯ ಒಂದು ತೋಟದ ಗುರುತು ಹೇಳಿದ.

ದನದ ಕೊಟ್ಟಿಗೆಯ ಹೊರಗೆ ಬೈಕು ನಿಂತಿತ್ತು. ಕುಕ್ಕರುಗಾಲಲ್ಲಿ ಕೂತು ನಟ್ಟು ಮುಟ್ಟಿದೆ. ಬೆರಳಿಗೇ ತಿರುಗಿತು. ಇನ್ನು ಎರಡು ಸುತ್ತಿನಲ್ಲಿ ಕಳಚಿ ಬೀಳುತ್ತಿತ್ತು.

ಎಲ್ಲರೂ ಕೊಟ್ಟಿಗೆಯೊಳಗೆ ಆಕಳ ಸುತ್ತ ಇದ್ದರು. ಪಾನಾ ಹಾಕಿ ಬಿಗಿದೆ. ಯಾರೂ ನೋಡಿರಲಿಲ್ಲ. ಹಾಗೇ ತಿರುಗಿ ಹೋಗಬಹುದಿತ್ತು. ಅರ್ಧ ತಾಸು ಅದನ್ನೇ ಯೋಚಿಸುತ್ತ ಅಂಗಳದಲ್ಲಿ ಅಡ್ಡಾಡಿದೆ. ಕೊನೆಗೆ ಶೈಲಾ ಕೈ ತೊಳೆದುಕೊಂಡು ಹೊರಗೆ ಬಂದಳು.

"ಕಾಕಾ, ನೀವ್ಯಾಕ ಇಲ್ಲಿ?"

ಇಲ್ಲೇ ಕೆಲಸವಿತ್ತು ಎನ್ನಲು ಬಾಯಿ ತೆರೆದಿದ್ದೆ. ಆದರೆ ಬಂದ ಮಾತು ಬೇರೆ. "ಮುಂದಿನ ಗಾಲಿ ನಟ್ಟು ನಾ ಬಿಗದಿದ್ದಿಲ್ಲವ್ವ. ಈಗ ಬಿಗದೇನಿ. ತಪ್ಪು ನಂದು."

ಅವಳು ಬೈಕಿನ ಹತ್ತಿರ ಬಂದು ಹ್ಯಾಂಡಲ್ ಹಿಡಿದಳು. "ದಾರಿ ಇಳಿಜಾರಿನ್ಯಾಗ ಹ್ಯಾಂಡಲ್ ನಡಗಿತ್ರಿ. ನಿಲ್ಲಸೂಣು ಅಂದ್ಕೊಂಡೆ. ಕಾಕಾ ಹಾಕ್ಯಾರ, ಹೊಸಾ ಟಯರ್ ಹಿಂಗ ಇರತೈತೇನೋ ಅಂತ ಹಂಗ ಬಂದೆ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಪಾನಾಕ್ಕೆ ಕೈ ಚಾಚಿದಳು. ಮುಂದಿನ ನಟ್ಟು, ಹಿಂದಿನ ನಟ್ಟು, ಎರಡಕ್ಕೂ ತಾನೇ ಹಾಕಿ ಜಗ್ಗಿ ನೋಡಿ ಪಾನಾ ಮರಳಿಸಿದಳು. ಆಕಳು ಹ್ಯಾಂಗೈತಿ ಎಂದು ಕೇಳಿದೆ. "ಆಕಳು, ಕರು ಎರಡೂ ಉಳದಾವ್ರಿ" ಎಂದು ಬೈಕು ಹತ್ತಿದಳು.

ಕೆಲಸ ಚೆನ್ನಾಗಿ ಬಂದರೆ ಜನ ನಂಬುತ್ತಾರೆ ಎಂದು ಅಷ್ಟು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಹಾಗೆ ನಂಬಿದವರು ತಮ್ಮ ಕೈಗೆ ತಿಳಿದ ಅಪಾಯವನ್ನೂ ಬದಿಗಿಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಈಗ ಕೆಲಸದ ನಡುವೆ ಯಾರಾದರೂ ಕರೆದರೆ, ಬಂದ ಮೇಲೆ ಮೊದಲ ನಟ್ಟಿನಿಂದ ಮತ್ತೆ ನೋಡುತ್ತೇನೆ. ಗಾಡಿ ಒಯ್ಯುವ ಮೊದಲು ಅದರ ಮಾಲೀಕರ ಕೈಗೂ ಪಾನಾ ಕೊಡುತ್ತೇನೆ. ಅವಸರದಲ್ಲಿರುವವರು ಬೇಸರಪಟ್ಟುಕೊಳ್ಳುತ್ತಾರೆ.

"ನಿಮ್ಮ ಮ್ಯಾಲ ನಂಬಿಗಿ ಐತ್ರಿ ಸರ" ಎನ್ನುತ್ತಾರೆ.

"ಅದಕ್ಕ ನೋಡ್ರಿ ಅನ್ನಾಕತ್ತೇನಿ" ಎಂದು ಪಾನಾ ಮುಂದೆ ಹಿಡಿಯುತ್ತೇನೆ.